ಮಹಾದ್ವಾರದ ತನಕ ಬಂದ ನಾಯಿ

ನೌಬಾದ ದಾಟಿ ಭಾಲ್ಕಿ ಕಡೆ ಹೋಗುವ ರಸ್ತೆಯಲ್ಲಿ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡೆದು ಹೋಗುವವರನ್ನು ನೀವು ನೋಡಿರುತ್ತೀರಿ. ನೀವೇ ನಡೆದಿದ್ದರೂ ನಡೆದಿರಬಹುದು. ಪಾದಯಾತ್ರೆ ಮಾಡಿದವರಿಗೆ ಒಂದು ಮಾತು ಗೊತ್ತು: ಯಾತ್ರೆಗೆ ನಾಯಿಯನ್ನು ಕರೆದುಕೊಂಡು ಹೋಗುವವರು ಕಡಿಮೆ, ತಾನೇ ಹಿಂದೆ ಬರುವ ನಾಯಿಗಳು ಹೆಚ್ಚು. ಬೆಳಗಿನ ಚಹಾದ ಹೊತ್ತಿಗೆ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಅರ್ಧ ರೊಟ್ಟಿ ಹಾಕುತ್ತೀರಿ. ಸಂಜೆ ಮುಕ್ಕಾಮಿನಲ್ಲಿ ನೋಡಿದರೆ ಅದೇ ನಾಯಿ ನಿಮ್ಮ ಚಪ್ಪಲಿ ಪಕ್ಕ ಮಲಗಿರುತ್ತದೆ.

ಹಳ್ಳಿ ನಾಯಿಗೆ ತನ್ನದೊಂದು ಸೀಮೆ ಇರುತ್ತದೆ. ಅದನ್ನು ದಾಟಿದರೆ ಮುಂದಿನ ಊರಿನ ನಾಯಿಗಳು ಮೈಮೇಲೆ ಬೀಳುತ್ತವೆ. ಒಂಟಿಯಾಗಿ ದಾಟಲಾಗದ ಆ ಸೀಮೆಯನ್ನು ಜನರ ಗುಂಪಿನ ಕಾಲ ಸಂದಿಯಲ್ಲಿ ಸಲೀಸಾಗಿ ದಾಟಬಹುದು. ಹೊತ್ತಿಗೆ ಊಟ, ಒಂದೇ ಹದದ ನಡಿಗೆ, ರಾತ್ರಿ ಹತ್ತಾರು ಜನರ ನಡುವೆ ನಿದ್ದೆ. ನಾಯಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

2024ರಲ್ಲಿ ಬೆಳಗಾವಿ ಜಿಲ್ಲೆ ನಿಪ್ಪಾಣಿ ತಾಲೂಕಿನ ಯಮಗರ್ಣಿ ಊರಿನ ನಾಯಿಯೊಂದು ಎಲ್ಲ ಪತ್ರಿಕೆಗಳಲ್ಲೂ ಬಂತು. ಹೆಸರು ಮಹಾರಾಜ. ಅದರ ಯಜಮಾನ ಪ್ರತಿವರ್ಷ ಪಂಢರಪುರಕ್ಕೆ ನಡೆದು ಹೋಗುವ ವಾರಕರಿ. ಆ ಜೂನ್ ಕೊನೆಯ ವಾರ ಹೊರಟಾಗ ಮಹಾರಾಜನೂ ಜೊತೆಗೆ ಹೊರಟಿತು. ಭಜನೆ ಕೇಳುತ್ತಾ ಸುಮಾರು 250 ಕಿಲೋಮೀಟರ್ ನಡೆಯಿತು. ಪಂಢರಪುರದಲ್ಲಿ ದರ್ಶನ ಮುಗಿಸಿ ನೋಡಿದರೆ ನಾಯಿ ಇಲ್ಲ. ಹುಡುಕಿದರು. ಬೇರೆ ಗುಂಪಿನ ಹಿಂದೆ ಹೋಯಿತು ಎಂದರು ಅಲ್ಲಿದ್ದವರು. ಮತ್ತೂ ಹುಡುಕಿ, ಸಿಗದೆ, ಯಜಮಾನ ಜುಲೈ 14ಕ್ಕೆ ಊರಿಗೆ ಮರಳಿದರು. ಮರುದಿನ ಮಹಾರಾಜ ಮನೆ ಮುಂದೆ ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಊರವರು ಹಾರ ಹಾಕಿ, ಮೆರವಣಿಗೆ ಮಾಡಿ, ಊಟ ಹಾಕಿಸಿದರು.

ಇಂಥದೇ ಇನ್ನೊಂದು ಸುದ್ದಿ 2019ರದು. ತಿರುಮಲದಿಂದ ಶಬರಿಮಲೆಗೆ 13 ಜನ ಅಯ್ಯಪ್ಪ ಭಕ್ತರು ಅಕ್ಟೋಬರ್ 31ಕ್ಕೆ ನಡೆಯಲು ಶುರು ಮಾಡಿದರು. ಬೀದಿ ನಾಯಿಯೊಂದು ಹಿಂದೆ ಬಿತ್ತು. ಮೊದಮೊದಲು ಅದನ್ನು ಯಾರೂ ಗಮನಿಸಲಿಲ್ಲ. ನವೆಂಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ 480 ಕಿಲೋಮೀಟರ್ ಆಗಿತ್ತು, ನಾಯಿ ಇನ್ನೂ ಹಿಂದೆಯೇ ಇತ್ತು. ತಾವು ಮಾಡಿಕೊಂಡ ಅಡುಗೆಯಲ್ಲೇ ಅದಕ್ಕೂ ಪಾಲು ಕೊಡುತ್ತಿದ್ದರು.

ಸುದ್ದಿ ಓದಿ ನಾವೆಲ್ಲ ಭಕ್ತಿಯ ನಾಯಿ ಎಂದೆವು. ನಾಯಿಗೆ ಭಕ್ತಿ ಇದೆಯೋ ಇಲ್ಲವೋ ಎಂಬ ತರ್ಕ ಬಿಡಿ. ಭಕ್ತರು ನಾಯಿಯನ್ನು ಏನು ಮಾಡಿದರು ಎಂಬುದಕ್ಕೆ ಮಾತ್ರ ನಮ್ಮ ಸೀಮೆಯಲ್ಲಿ ದೊಡ್ಡ ಚರಿತ್ರೆಯೇ ಇದೆ, ಅದರ ಬಹುಪಾಲು ಮೈಲಾರನ ಸುತ್ತ ಇದೆ.

ಮೈಲಾರ, ಮಲ್ಲಣ್ಣ, ಮರಾಠಿಯಲ್ಲಿ ಖಂಡೋಬಾ. ಕುದುರೆ ಏರಿದ ದೇವರು, ಕುದುರೆಯ ಕಾಲ ಬಳಿ ನಾಯಿ. ಜೇಜೂರಿಯಲ್ಲಿ ಕೂಗುವ 'ಯಳಕೋಟ' ನಮ್ಮ 'ಏಳುಕೋಟಿ'ಯೇ. ಗಡಿ ದಾಟುವಾಗ ಉಚ್ಚಾರ ಬದಲಾಗಿದೆ ಅಷ್ಟೆ. ಮಣಿ, ಮಲ್ಲ ಎಂಬ ರಾಕ್ಷಸರನ್ನು ಕೊಲ್ಲಲು ದೇವರು ಏಳುಕೋಟಿ ಸೈನ್ಯದೊಂದಿಗೆ ಬಂದನೆಂದು ಕಥೆ. ಜನ ಹಾಡುವ ಕಥೆಯಲ್ಲಿ ಇನ್ನೊಂದು ವಿಷಯ ಬರುತ್ತದೆ. ರಾಕ್ಷಸನ ರಕ್ತ ನೆಲಕ್ಕೆ ಬಿದ್ದರೆ ಹನಿಗೊಬ್ಬ ರಾಕ್ಷಸ ಹುಟ್ಟುತ್ತಾನೆ. ರಕ್ತ ಹಿಡಿಯಲು ದೇವಿಯಿಂದಲೂ ಆಗಲಿಲ್ಲ. ಕೊನೆಗೆ ನೆಲಕ್ಕೆ ಬೀಳುವ ಮೊದಲೇ ಎಲ್ಲವನ್ನೂ ನೆಕ್ಕಿ ಮುಗಿಸಿದ್ದು ನಾಯಿ.

ಕುರಿಗಾರರು ಪೂಜಿಸುವ ದೇವರಿಗೆ ನಾಯಿ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಮೈಲಾರನ ಒಬ್ಬ ಹೆಂಡತಿ ಕುರುಬರ ಮಗಳು. ಮರಾಠಿಯವರ ಬಾಣಾಯಿ ಧನಗರ ಹೆಣ್ಣು. ಅವಳಿಗಾಗಿ ದೇವರು ವೇಷ ಮರೆಸಿಕೊಂಡು ಅವಳ ಮನೆಯ ಕುರಿ ಕಾಯ್ದನಂತೆ. ನಾಯಿ ಜೊತೆ ದೂರದಾರಿ ನಡೆಯುವುದು ಯಾತ್ರಿಕರು ಕಂಡುಹಿಡಿದದ್ದಲ್ಲ. ಮೇವು ಹುಡುಕುತ್ತಾ ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಹಿಂಡು ಹೊಡೆದುಕೊಂಡು ಹೋಗುವ ಕುರಿಗಾರರ ಬದುಕೇ ಅದು. ತೋಳ ಬಂದರೆ ಮೊದಲು ಏಳುವುದು ನಾಯಿ.

ಆ ದೇವರ ಭಕ್ತರು ನಾಯಿ ಸಾಕಿದ್ದಷ್ಟೇ ಅಲ್ಲ, ತಾವೇ ನಾಯಿ ಆದರು. ಗೊರವಯ್ಯ, ವಗ್ಗಯ್ಯ ಎಂದು ಕರೆಯುವ ಈ ಭಕ್ತರು ಕಂಬಳಿ ಹೊದ್ದು, ಭಂಡಾರದ ಚೀಲ ಕಟ್ಟಿ, ದೇವರ ಮುಂದೆ ಬೊಗಳುತ್ತಾರೆ. ಹೂವಿನಹಡಗಲಿಯ ಮೈಲಾರದಲ್ಲಿ, ರಾಣೆಬೆನ್ನೂರಿನ ದೇವರಗುಡ್ಡದಲ್ಲಿ ದೋಣಿ ಸೇವೆ ಎಂಬುದಿದೆ. ಮರದ ದೋಣಿಯಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ ಹಾಕಿ ನೆಲದ ಮೇಲಿಡುತ್ತಾರೆ. ಗೊರವಯ್ಯಗಳು ಕೈಕಾಲೂರಿ, ಒಬ್ಬರ ಮೇಲೊಬ್ಬರು ಗುರ್ ಎನ್ನುತ್ತಾ ಬಾಯಿ ಹಾಕಿ ತಿನ್ನುತ್ತಾರೆ. ಮಹಾರಾಷ್ಟ್ರದ ವಾಘ್ಯಾಗಳಲ್ಲೂ ಇದೇ ರೂಢಿ. ವಾಘ್ಯಾ ಎಂದರೆ ಹುಲಿ ಎಂದು ಅರ್ಥ ಹೇಳುತ್ತಾರೆ, ನಡೆದುಕೊಳ್ಳುವುದು ನಾಯಿಯಂತೆ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ವರ್ಷಗಟ್ಟಲೆ ಈ ಜಾತ್ರೆಗಳಲ್ಲಿ ತಿರುಗಿ ಇದನ್ನೆಲ್ಲ ಬರೆದಿಟ್ಟರು.

ಇದನ್ನು ನೋಡಿದ ಓದಿದ ಹುಡುಗರಿಗೆ ಸಿಟ್ಟು ಬರುತ್ತದೆ. ಮನುಷ್ಯನನ್ನು ನಾಯಿ ಮಾಡುವುದು ಯಾವ ಧರ್ಮ ಎನ್ನುತ್ತಾರೆ. ಆ ಸಿಟ್ಟಿಗೆ ಕಾರಣ ಇದೆ. ನಾಯಿ ಎಂಬ ಬೈಗುಳ ಈ ನೆಲದಲ್ಲಿ ಯಾರ ಮೇಲೆ ಹೆಚ್ಚು ಬಿದ್ದಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಬೊಗಳುವವರನ್ನೇ ಕೇಳಿದರೆ ಉತ್ತರ ಬೇರೆ: ದೇವರ ಬಾಗಿಲಲ್ಲಿ ನಾಯಿಗೆ ಇರುವ ಸಲುಗೆ ಬೇರೆ ಯಾರಿಗಿದೆ? ನನಗೆ ಎರಡೂ ಮಾತು ನಿಜ ಅನಿಸುತ್ತವೆ. ಯಾರೋ ಹೇಳಿ ನಾಯಿ ಮಾಡಿಸುವುದಕ್ಕೂ, ತಾನಾಗಿ ಆಗುವುದಕ್ಕೂ ನಡುವಿನ ಗೆರೆ ಮಾತ್ರ ಜಾತ್ರೆಯ ಭಂಡಾರದ ಧೂಳಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ನಾಯಿಗೆ ಮರ್ಯಾದೆ ಕೊಟ್ಟ ಹಳೆಯ ದಾಖಲೆಯೂ ಕನ್ನಡದಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನ, ಕಾಲ ಕ್ರಿ.ಶ. 949-50. ಮಣಲೇರ ಎಂಬ ವೀರನ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದಕ್ಕಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಶರಣರ ಕಥೆಗಳಲ್ಲಿ ಹಾವಿನಹಾಳ ಕಲ್ಲಯ್ಯ ಜಾತಿಯ ಸೊಕ್ಕಿನವರ ಎದುರು ನಾಯಿ ಬಾಯಲ್ಲಿ ವೇದ ಹೇಳಿಸಿದ. ಮರಾಠಿ ಸಂತರ ಕಥೆಯಲ್ಲಿ ಜ್ಞಾನೇಶ್ವರ ಪೈಠಣದಲ್ಲಿ ಕೋಣದ ಬಾಯಲ್ಲಿ ಹೇಳಿಸಿದ. ಪ್ರಾಣಿ ಬೇರೆ, ಪೆಟ್ಟು ತಿಂದವರು ಒಂದೇ ತರಹದವರು.

ಈಗ ಪಂಢರಪುರದ ದಾರಿಗೆ ಬರೋಣ. ಬೀದರಿನಿಂದ ಹುಮನಾಬಾದ್, ಉಮರ್ಗಾ, ನಳದುರ್ಗ, ಸೊಲ್ಲಾಪುರ ಹಿಡಿದು ಹೋದರೆ ಸುಮಾರು 270 ಕಿಲೋಮೀಟರ್. ನಮಗೂ ಆ ಊರಿಗೂ ಹಳೆಯ ನಂಟು. ಬಹಮನಿ ಸುಲ್ತಾನರ ಕಾಲದಲ್ಲಿ ಮಂಗಳವೇಢೆಯ ಅಧಿಕಾರಿ ದಾಮಾಜಿ ಪಂತ ಬರಗಾಲದಲ್ಲಿ ಸರ್ಕಾರಿ ಕಣಜ ತೆರೆದು ಜನಕ್ಕೆ ಕಾಳು ಹಂಚಿದ. ಬೀದರಿನ ದರಬಾರು ಲೆಕ್ಕ ಕೇಳಿತು. ಆಗ ವಿಠ್ಠಲನೇ ವಿಠು ಮಹಾರನ ವೇಷದಲ್ಲಿ ಬೀದರಿಗೆ ಬಂದು ಹಣ ಕಟ್ಟಿ ರಸೀದಿ ಪಡೆದನೆಂದು ಕಥೆ. ತನ್ನ ಗುಡಿಯೊಳಗೆ ಯಾರಿಗೆ ಪ್ರವೇಶ ಇರಲಿಲ್ಲವೋ ಅವರ ವೇಷದಲ್ಲೇ ದೇವರು ನಮ್ಮೂರಿಗೆ ಬಂದ, ನೋಡಿ.

ಅದೇ ಮಹಾರ ಜಾತಿಯ ಸಂತ ಚೋಖಾಮೇಳ 14ನೇ ಶತಮಾನದವನು. ಅವನ ಸಮಾಧಿ ಇರುವುದು ಪಂಢರಪುರ ಗುಡಿಯ ಮಹಾದ್ವಾರದ ಹೊರಗೆ. ಅಲ್ಲೇ ಮೆಟ್ಟಿಲಲ್ಲಿ ನಾಮದೇವನ ನೆನಪು. ರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ, ಒಣರೊಟ್ಟಿ ತಿನ್ನಬೇಡ ಎಂದು ತುಪ್ಪದ ಬಟ್ಟಲು ಹಿಡಿದು ಓಡಿದವನು ಈ ನಾಮದೇವ. ನಾಯಿ ಹಿಂದೆ ಓಡಿದವನು ಮೆಟ್ಟಿಲಾದ, ನಾಯಿಯಂತೆ ತಡೆಸಿಕೊಂಡವನು ಹೊರಗೆ ಉಳಿದ. ಆ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಮೇ ತಿಂಗಳಲ್ಲಿ ಉಪವಾಸ ಕೂತ ಮೇಲೆ.

ವಾರಿಯಲ್ಲಿ ಮರ್ಯಾದೆ ಪಡೆದ ಪ್ರಾಣಿ ಇದೆ, ಅದು ಕುದುರೆ. ಜ್ಞಾನೇಶ್ವರರ ಪಾಲಖಿಯ ಕುದುರೆಗಳು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರ ಮನೆತನದವು. ಅಂಕಲಿಯಿಂದ ಆಳಂದಿಗೆ ನಡೆದೇ ಹೋಗುತ್ತವೆ. ಎರಡರಲ್ಲಿ ಒಂದರ ಮೇಲೆ ಸವಾರ ಇರುವುದಿಲ್ಲ, ಸಂತರೇ ಕೂತಿದ್ದಾರೆಂದು ನಂಬಿಕೆ. ರಿಂಗಣದಲ್ಲಿ ಅದು ಓಡಿದರೆ ಜನ ಕಾಲಡಿಯ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ. ನಾಯಿಗೆ ಇದ್ಯಾವುದೂ ಇಲ್ಲ, ಬೇಕೂ ಇಲ್ಲ.

ನಾಯಿ ಜೊತೆಗಿನ ಯಾತ್ರೆ ಎಂದರೆ ಎಲ್ಲರಿಗೂ ನೆನಪಾಗುವುದು ಧರ್ಮರಾಯ. (ಗದುಗಿನ ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಆ ಪ್ರಸಂಗ ಅವನಲ್ಲಿ ಸಿಗುವುದಿಲ್ಲ, ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ.) ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ಉಳಿದದ್ದು ನಾಯಿ ಒಂದೇ. ಆಗ ಇಂದ್ರ ರಥ ತಂದ. ಹತ್ತು, ನಾಯಿಯನ್ನು ಬಿಡು ಎಂದ. ನಂಬಿ ಬಂದದ್ದನ್ನು ಬಿಡಲಾರೆ ಎಂದ ಧರ್ಮರಾಯ. ಈ ಕಥೆಯಲ್ಲಿ ನಾವು ಸ್ವರ್ಗದ ಬಗ್ಗೆ ಬಹಳ ಮಾತಾಡಿದ್ದೇವೆ, ರಥದ ಬಗ್ಗೆ ಕಡಿಮೆ. ನಡೆಯುವವರೆಗೆ ನಾಯಿಯಿಂದ ಯಾರಿಗೂ ತೊಂದರೆ ಇರಲಿಲ್ಲ. ವಾಹನ ಬಂದ ಮೇಲೆ ತಕರಾರು ಶುರುವಾಯಿತು.

ಇವತ್ತಿನ ಯಾತ್ರೆಯ ಕಷ್ಟವೂ ಅಲ್ಲೇ ಇದೆ. ವಾರಿ ಎಂದರೆ ಹೋಗಿ ಬರುವುದು. ಹಿಂದೆ ಜನ ನಡೆದು ಹೋಗಿ ನಡೆದೇ ಬರುತ್ತಿದ್ದರು. ಜ್ಞಾನೇಶ್ವರರ ಪಾಲಖಿ ಈಗಲೂ ಹುಣ್ಣಿಮೆಯ ಗೋಪಾಳಕಾಲಾ ಮುಗಿಸಿ ನಡೆದೇ ಆಳಂದಿಗೆ ಮರಳುತ್ತದೆ, ಆದರೆ ಜೊತೆಗೆ ಇರುವವರು ಬೆರಳೆಣಿಕೆ. ಉಳಿದವರೆಲ್ಲ ಬಸ್ಸು, ರೈಲು, ಟೆಂಪೋ ಹತ್ತುತ್ತಾರೆ. ಯಾತ್ರೆ ಒಂದೇ ಕಡೆಯ ನಡಿಗೆ ಆಗಿದೆ. ಈ ಬದಲಾವಣೆಯನ್ನು ನಾಯಿಗೆ ಯಾರೂ ಹೇಳಿಲ್ಲ. ದಿನಗಟ್ಟಲೆ ಹಿಂದೆ ಬಂದ ಪ್ರಾಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡುತ್ತದೆ, ಬಸ್ಸು ಹೋಗುತ್ತದೆ. ಅದು ಉಳಿಯುವುದು ಬೇರೆ ನಾಯಿಗಳ ಸೀಮೆಯಲ್ಲಿ. ಯಮಗರ್ಣಿಯ ಮಹಾರಾಜ ಮಾಡಿದ್ದು ಹಳೆಯ ವಾರಿಯ ಎರಡನೇ ಅರ್ಧ. ಹೋಗುವಾಗ ಗುಂಪಿನ ಆಸರೆ ಇತ್ತು, ಬರುವಾಗ ಅದೂ ಇಲ್ಲದೆ ಬಂತು.

ದಾರಿ ಹೇಗೆ ಹಿಡಿಯುತ್ತವೆ? ವಾಸನೆ ಮುಖ್ಯ. ಅದರ ಜೊತೆ ಇನ್ನೊಂದೂ ಇರಬಹುದು. 2020ರಲ್ಲಿ ಜೆಕ್ ದೇಶದ ವಿಜ್ಞಾನಿಗಳು 27 ಬೇಟೆ ನಾಯಿಗಳಿಗೆ ಜಿಪಿಎಸ್ ಕಟ್ಟಿ ಕಾಡಿನಲ್ಲಿ ಬಿಟ್ಟರು. ಹೊಸ ದಾರಿಯಲ್ಲಿ ವಾಪಸ್ ಬರುವಾಗ ಹಲವು ನಾಯಿಗಳು ಮೊದಲು ಸುಮಾರು 20 ಮೀಟರ್ ಉತ್ತರ-ದಕ್ಷಿಣವಾಗಿ ಓಡಿ, ಆಮೇಲೆ ಯಜಮಾನನ ಕಡೆ ತಿರುಗುತ್ತಿದ್ದವು. ಭೂಮಿಯ ಅಯಸ್ಕಾಂತ ಶಕ್ತಿಯಿಂದ ದಿಕ್ಕು ಸರಿ ಮಾಡಿಕೊಳ್ಳುತ್ತವೆ ಎಂಬುದು ಅವರ ಅಂದಾಜು. ಆದರೂ ಎಲ್ಲ ನಾಯಿಗಳೂ ಮಹಾರಾಜ ಅಲ್ಲ. ಬಿಟ್ಟು ಬಂದ ನಾಯಿ ತಾನೇ ಮನೆಗೆ ಬರುತ್ತದೆ ಎಂದು ಆ ಸುದ್ದಿ ಓದಿ ಧೈರ್ಯ ಮಾಡಬೇಡಿ.

ಹಿಂದೆ ಬಂದ ನಾಯಿಯನ್ನು ಮೊದಲ ದಿನವೇ ಊರ ಕಡೆ ಹೋಗುವ ಯಾರ ಜೊತೆಗಾದರೂ ಕಳಿಸಿದರೆ ಎಲ್ಲರಿಗೂ ಸುಲಭ. ನಿಮ್ಮದೇ ನಾಯಿಯಾದರೆ ಹೊರಡುವ ಮೊದಲೇ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ಬೀದರಿನ ನಂದಿನಗರದಲ್ಲಿದೆ, ಊರಿನ ಪಶು ಆಸ್ಪತ್ರೆಯಂತೂ ಹತ್ತಿರ. ಡಾಂಬರು ಕಾದರೆ ನಿಮ್ಮ ಚಪ್ಪಲಿಗೆ ಏನೂ ಆಗುವುದಿಲ್ಲ, ಅದರ ಪಾದ ಸುಡುತ್ತದೆ. ಬಿಸಿಲು ಏರಿದ ಮೇಲೆ ರಸ್ತೆ ಬದಿಯ ಮಣ್ಣಿನಲ್ಲಿ ನಡೆಸಿ. ರೈಲಿನಲ್ಲಿ ತರುವುದಾದರೆ ಗಾರ್ಡ್ ಡಬ್ಬಿಯಲ್ಲಿ ನಾಯಿ ಪೆಟ್ಟಿಗೆ ಇರುತ್ತದೆ, ಪಾರ್ಸೆಲ್ ಆಫೀಸಿನಲ್ಲಿ ಮೊದಲೇ ಬುಕ್ ಮಾಡಿಸಬೇಕು. ಇದ್ಯಾವುದೂ ಬೇಡ ಎಂದರೆ ದಿಂಡಿಯ ಸಾಮಾನು ಹೊತ್ತ ಟೆಂಪೋ ಹೇಗೂ ಖಾಲಿ ಆಗಿ ವಾಪಸ್ ಬರುತ್ತದೆ. ಒಲೆ, ಪಾತ್ರೆ, ತಾಳ, ಮೃದಂಗದ ನಡುವೆ ಒಂದು ನಾಯಿ ಕೂರುವಷ್ಟು ಜಾಗ ಅದರಲ್ಲಿ ಇರುತ್ತದೆ.