ಬಿಚ್ಚಿ ಕಟ್ಟಿದ ಎಂಜಿನ್ನಿನ ಮೊದಲ ಕಾವು

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬತ್ತಿದ ಸರೋವರಗಳ ಬಯಲಿನ ಮೇಲೆ ಹಳೆಯ ಫೋರ್ಡ್ ಕಾರುಗಳನ್ನೋಡಿಸಿ ವೇಗವನ್ನಳೆಯುತ್ತಿದ್ದ ತರುಣರು 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿಕೊಂಡರು. ಕಾರ್ಖಾನೆ ಕೊಟ್ಟ ಎಂಜಿನ್ನನ್ನು ಬಿಚ್ಚಿ ತಮ್ಮ ಇಚ್ಛಾನುಸಾರ ಮರಳಿ ಕಟ್ಟುವುದೇ ಇವರ ವ್ಯಸನ. ಬೀಡುಕಬ್ಬಿಣದ ದಪ್ಪ ಎಕ್ಸಾಸ್ಟ್ ಮ್ಯಾನಿಫೋಲ್ಡು ಹಲವು ಸಿಲಿಂಡರುಗಳ ಹೊಗೆಯನ್ನು ಒಂದೇ ಇಕ್ಕಟ್ಟಾದ ಪೊಟರೆಗೆ ನೂಕಿ ಶಕ್ತಿಯನ್ನು ಕುಗ್ಗಿಸುತ್ತದೆಂದು ಕಂಡುಕೊಂಡು, ಅದನ್ನು ಕಳಚಿ, ಸಿಲಿಂಡರಿಗೊಂದರಂತೆ ತೆಳುವಾದ ಉಕ್ಕಿನ ಕೊಳವೆಗಳನ್ನು ಬಾಗಿಸಿ ಬೆಸೆದು ಕೂಡಿಸತೊಡಗಿದರು. ಇದೇ ಹೆಡರ್. 1955ರಲ್ಲಿ ಶೆವ್ರೊಲೆಯ ಚಿಕ್ಕ ವಿ-8 ಎಂಜಿನ್ನು ಹೊರಬಂದ ಅನಂತರ ಹೆಡರುಗಳ ತಯಾರಿಕೆಯು ಒಂದು ಉದ್ಯಮವೇ ಆಗಿ ಬೆಳೆಯಿತು.

ತೆಳು ಉಕ್ಕು ಬಲುಬೇಗ ತುಕ್ಕು ಹಿಡಿಯುತ್ತಿತ್ತು. ಬಳಿದ ಬಣ್ಣವು ಸುಟ್ಟು ಉದುರುತ್ತಿತ್ತು. ಇದರ ಪರಿಹಾರವು ಗ್ಯಾರೇಜುಗಳಲ್ಲಿ ಹುಟ್ಟಿದುದಲ್ಲ. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯು, ದುರ್ಲಭವಾದ ಮಿಶ್ರಲೋಹಗಳನ್ನುಳಿಸುವ ಸಲುವಾಗಿ, ಸಾಮಾನ್ಯ ಉಕ್ಕಿನ ಎಕ್ಸಾಸ್ಟುಗಳಿಗೆ ಸೆರಾಮಿಕ್ ಲೇಪವನ್ನು ಹಚ್ಚಿ ಪರೀಕ್ಷಿಸಿತ್ತು. ಮುಂದೆ ಎಕ್ಸ್-15 ರಾಕೆಟ್ ವಿಮಾನದ ನಳಿಗೆಗೂ ಜಿರ್ಕೋನಿಯದ ಲೇಪವೊದಗಿತು. ಇವುಗಳ ದೂರದ ಬಂಧುವೆನ್ನಬಹುದಾದ, ಅಲ್ಯೂಮಿನಿಯಂ ಬೆರೆತ ಬೆಳ್ಳಿಬಣ್ಣದ ಲೇಪವು ಇಪ್ಪತ್ತನೆಯ ಶತಮಾನದ ಕಡೆಯ ದಶಕಗಳಲ್ಲಿ ಹವ್ಯಾಸಿಗಳ ಹೆಡರುಗಳನ್ನೂ ಅಲಂಕರಿಸಿತು. ಆದರೆ ಅದರ ಸಹನೆಗೊಂದು ಎಲ್ಲೆಯುಂಟು: ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಹೊಳಪು ಮಾಸಿ, ಬೂದುಗಟ್ಟಿ, ಪದರವೇಳುತ್ತದೆ.

ಹೊಸ ದೋಸೆಕಾವಲಿಯಂತೆಯೇ ಹೊಸದಾಗಿ ಕಟ್ಟಿದ ಎಂಜಿನ್ನನ್ನೂ ಪಳಗಿಸಬೇಕಷ್ಟೆ. ಚಪ್ಪಟೆ ಟ್ಯಾಪೆಟ್ಟಿನ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬೂ ಅದರ ಮೇಲೆ ಜಾರುವ ಟ್ಯಾಪೆಟ್ಟಿನ ಮುಖವೂ ಒಂದಕ್ಕೊಂದು ಹೊಂದಿಕೊಳ್ಳುವುದು ಮೊದಲ ಅರ್ಧ ಗಂಟೆಯೊಳಗೆ. ಅಲ್ಲಿಗೆ ಎಣ್ಣೆಯು ಬಹುಮಟ್ಟಿಗೆ ಸಿಡಿದೇ ತಲುಪಬೇಕಾದುದರಿಂದ, ಎಂಜಿನ್ನು ಹೊತ್ತಿಕೊಂಡ ಕ್ಷಣದಿಂದಲೇ ನಿಮಿಷಕ್ಕೆ 2,000 ಸುತ್ತುಗಳಿಗಿಂತ ಕೆಳಗಿಳಿಸದೆ 20ರಿಂದ 30 ನಿಮಿಷ ಓಡಿಸಬೇಕೆಂಬುದು ಮೆಕ್ಯಾನಿಕ್ಕುಗಳ ನಿಯಮ. ಕ್ಯಾಮಿಗೆ ಹಿತವಾದ ಈ ನಿಯಮವೇ ಹೆಡರಿಗೆ ವಿಪತ್ತು. ಕಾರು ನಿಂತಲ್ಲೇ ನಿಂತಿದೆ, ಗಾಳಿಯ ಸಂಚಾರವಿಲ್ಲ. ಇಗ್ನಿಷನ್ ಟೈಮಿಂಗನ್ನು ಅಂದಾಜಿನಿಂದ ಇಟ್ಟಿದೆ. ಕಿಡಿ ತಡವಾಗಿ ಹಾರಿದರೆ ಎಕ್ಸಾಸ್ಟ್ ವಾಲ್ವು ತೆರೆದಾಗಲೂ ದಹನವು ಮುಗಿದಿರದೆ ಉರಿಯೇ ಕೊಳವೆಗೆ ನುಗ್ಗುತ್ತದೆ. ನೋಡನೋಡುತ್ತಿದ್ದಂತೆ ವಾಲ್ವಿನ ಸಮೀಪದ ತಿರುವುಗಳು ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಆಗ ಎಂಜಿನ್ನನ್ನು ನಿಲ್ಲಿಸಿದರೆ ಕ್ಯಾಮಿನ ಗತಿ ಏನೋ, ನಿಲ್ಲಿಸದಿದ್ದರೆ ಲೇಪದ ಗತಿ ಏನೋ!

ಈ ಸಂಕಟದಿಂದಲೇ ಒಂದು ಪದ್ಧತಿ ಹುಟ್ಟಿತು. ತಿಳಿದವರು ಹೊಸ ಹೆಡರನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿರಿಸಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬೀಡಿನ ಮ್ಯಾನಿಫೋಲ್ಡನ್ನೋ ಲೇಪವಿಲ್ಲದ ತುಕ್ಕುಹಿಡಿದ ಹೆಡರನ್ನೋ ತಾತ್ಕಾಲಿಕವಾಗಿ ಬಿಗಿದು, ಮೊದಲ ಕಾವನ್ನೆಲ್ಲ ಅದಕ್ಕೇ ಉಣಿಸುತ್ತಿದ್ದರು. ಕಿಡಿಯ ಕಾಲವನ್ನು ಮುಂಚೆಯೇ ಸರಿಹೊಂದಿಸುವುದು, ಕಾರ್ಬ್ಯುರೇಟರಿನ ಬಟ್ಟಲಿಗೆ ಪೆಟ್ರೋಲನ್ನು ತುಂಬಿಟ್ಟು ಮೊದಲ ಸುತ್ತಿಗೇ ಎಂಜಿನ್ನು ಹತ್ತುವಂತೆ ಮಾಡುವುದು, ದೊಡ್ಡ ಫ್ಯಾನೊಂದನ್ನು ಎದುರಿಗಿಡುವುದು ಇವೆಲ್ಲವೂ ನಡೆಯುತ್ತಿದ್ದವು. ಆದರೂ ಬೀಡಿನ ಮ್ಯಾನಿಫೋಲ್ಡಿನಷ್ಟು ನಿರಾತಂಕವಾದ ಉಪಾಯವು ಮತ್ತೊಂದಿಲ್ಲವೆಂದೇ ನನ್ನ ಮತ. ವೇಗದ ಹುಚ್ಚಿನಲ್ಲಿ ಕಿತ್ತೆಸೆದಿದ್ದ ಎರಕವನ್ನೇ ಮತ್ತೆ ಹುಡುಕಿ ತರುವಂತಾದುದು ತಮಾಷೆಯ ಸಂಗತಿ.

ಕಾಲಕ್ರಮದಲ್ಲಿ ಕ್ಯಾಮಿನ ಪಾಡು ಇನ್ನೂ ನಾಜೂಕಾಯಿತು. ಎಂಜಿನ್ ಆಯಿಲಿನಲ್ಲಿ ಕ್ಯಾಮನ್ನು ಕಾಯುತ್ತಿದ್ದ ಸತು ಮತ್ತು ರಂಜಕಗಳ ಸಂಯುಕ್ತವು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು, 2004ರ ಮಾನದಂಡವು ರಂಜಕಕ್ಕೆ ಶೇಕಡಾ 0.08ರ ಮಿತಿಯನ್ನು ವಿಧಿಸಿತು. ಅಷ್ಟರೊಳಗೆ ಕಾರ್ಖಾನೆಗಳು ಉರುಳುವ ಟ್ಯಾಪೆಟ್ಟಿನ ಕಡೆಗೆ ಹೊರಳಿದ್ದವು: ಫೋರ್ಡ್ ತನ್ನ 5.0 ಲೀಟರಿನ ಎಂಜಿನ್ನಿನಲ್ಲಿ 1985ರಲ್ಲಿ, ಶೆವ್ರೊಲೆ 1987ರಲ್ಲಿ. ರೋಲರ್ ಟ್ಯಾಪೆಟ್ಟಿಗೆ ಆ ಅರ್ಧ ಗಂಟೆಯ ತಪಸ್ಸು ಬೇಕಿಲ್ಲ. ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಎಂಜಿನ್ನುಗಳನ್ನೇ ಕಟ್ಟುವವರು ಮಾತ್ರ ಈಗ ಸತುವನ್ನು ಹೆಚ್ಚಾಗಿ ಬೆರೆಸಿದ ಎಣ್ಣೆಯನ್ನು ಕೊಳ್ಳುತ್ತಾರೆ, ಗುಜರಿಯಲ್ಲಿ ಬೀಡಿನ ಮ್ಯಾನಿಫೋಲ್ಡು ಸಿಕ್ಕರೆ ಬಿಡದೆ ತರುತ್ತಾರೆ.