ಪಂಡಿತಾ ರಮಾಬಾಯಿಯವರ ಶ್ರದ್ಧೆಯ ಪಥ

ತುಂಗೆ, ಭದ್ರೆ, ನೇತ್ರಾವತಿಗಳು ಉದಿಸುವ ಗಂಗಾಮೂಲವೆಂಬ ಗಿರಿಪ್ರದೇಶವು ಕನ್ನಡನಾಡಿನ ಜನಕ್ಕೆ ಸುಪರಿಚಿತವಾದುದು. ಆದರೆ ಭಾರತದ ಕ್ರೈಸ್ತಸಮಾಜದಲ್ಲಿ ಅಗ್ರಗಣ್ಯಳಾದ ಪಂಡಿತಾ ರಮಾಬಾಯಿಯ ಜನ್ಮಸ್ಥಳವೂ ಅದೇ ಅರಣ್ಯವೆಂಬುದನ್ನು ಬಲ್ಲವರು ವಿರಳ. 1858ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಆ ಕಾಡಿನ ಆಶ್ರಮದಲ್ಲಿ ಜನಿಸಿದ ಈ ಶಿಶುವು ಆರು ತಿಂಗಳು ತುಂಬುವ ಹೊತ್ತಿಗೆ ಬೆತ್ತದ ಬುಟ್ಟಿಯಲ್ಲಿ ಕುಳಿತು, ಆಳೊಬ್ಬನ ತಲೆಯ ಮೇಲೆ ಘಟ್ಟವನ್ನು ಇಳಿಯಿತು. ಅಂದು ಮೊದಲಾದ ಯಾತ್ರೆಯು ಅರುವತ್ತಮೂರು ವರ್ಷಗಳ ಬಳಿಕ ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಗಿಯಿತು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಚಿತ್ಪಾವನ ಬ್ರಾಹ್ಮಣರು; ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಸ್ತ್ರೀಯರಿಗೂ ದೇವಭಾಷೆಯನ್ನು ಕಲಿಸಬೇಕೆಂಬುದು ಅವರ ಹಠ. ಪತ್ನಿ ಲಕ್ಷ್ಮೀಬಾಯಿಗೆ ತಾವೇ ಪಾಠ ಹೇಳಿದರು. ಇದು ಶಿಷ್ಟಾಚಾರಕ್ಕೆ ವಿರುದ್ಧವೆಂದು ಆಕ್ಷೇಪಣೆಯೆದ್ದಾಗ, ಉಡುಪಿಯಲ್ಲಿ ಸೇರಿದ ವಿದ್ವಾಂಸರೆದುರು ಶಾಸ್ತ್ರಪ್ರಮಾಣಗಳನ್ನು ತೋರಿಸಿ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಆ ತಾಯಿಯೇ ಮುಂದೆ ಮಗಳಿಗೆ ಗುರುವಾದಳು. ಬೆಳಗಿನ ಜಾವದಲ್ಲಿ, ಮನೆಗೆಲಸ ಮೊದಲಾಗುವ ಮುನ್ನ, ನಿದ್ದೆಗಣ್ಣಿನ ಬಾಲೆಯನ್ನು ಎಬ್ಬಿಸಿ ಶ್ಲೋಕಗಳನ್ನು ಹೇಳಿಕೊಡುತ್ತಿದ್ದಳು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ರಮಾಬಾಯಿಗೆ ಕಂಠಸ್ಥವಾದುದು ಹೀಗೆ.

ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗುತ್ತ ಪುರಾಣಶ್ರವಣದಿಂದ ಜೀವಿಸುತ್ತಿದ್ದಿತು. ಇದ್ದ ದ್ರವ್ಯವೆಲ್ಲ ದಾನಧರ್ಮಗಳಿಗೆ ವ್ಯಯವಾಗಿ, ಮೇಲೆ ಕ್ಷಾಮವೂ ಬಂದೆರಗಿದಾಗ, ಕೂಲಿ ಮಾಡಿ ಅರಿಯದ, ಭಿಕ್ಷೆ ಬೇಡಲು ನಾಚುವ ಆ ಮನೆತನಕ್ಕೆ ಉಪವಾಸವೊಂದೇ ಉಳಿಯಿತು. 1874ರ ಸುಮಾರಿಗೆ, ದೃಷ್ಟಿ ಮಂದವಾಗಿದ್ದ ವೃದ್ಧ ತಂದೆಯು, ಕಿರಿಯ ಮಗಳನ್ನು ತಬ್ಬಿಕೊಂಡು, ತಾನು ಆಕೆಯನ್ನು ದೇವರ ಕೈಗೊಪ್ಪಿಸಿರುವೆನೆಂದೂ, ಆಕೆ ಬಾಳಿನುದ್ದಕ್ಕೂ ಆತನ ಸೇವೆಯಲ್ಲಿಯೇ ಇರತಕ್ಕುದೆಂದೂ ಹೇಳಿ ಪ್ರಾಣಬಿಟ್ಟನು. ಕೆಲವೇ ವಾರಗಳಲ್ಲಿ ತಾಯಿಯೂ ತೀರಿದಳು. ಹೆಣ ಹೊರುವುದಕ್ಕೆ ನಾಲ್ಕನೆಯ ಆಳು ದೊರೆಯದೆ ಮಗಳೇ ಹೆಗಲುಗೊಡಬೇಕಾಯಿತು. ಎತ್ತರ ಸಾಲದ ಕಾರಣ ಆಕೆ ಚಟ್ಟದ ತುದಿಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆದಳು. ಅಕ್ಕನೂ ಕಾಲವಶಳಾದಳು.

ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ ಇಬ್ಬರೇ. ಅವರು ಬರಿಗಾಲಿನಲ್ಲಿ ಉತ್ತರದೇಶದವರೆಗೂ ನಡೆದರು. ಝೀಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನುಳಿದು ಮೈಯೆಲ್ಲ ಮರಳಿನಿಂದ ಮುಚ್ಚಿಕೊಂಡು ರಾತ್ರಿಗಳನ್ನು ಕಳೆದರು. ವ್ರತ, ಉಪವಾಸ, ಯಾತ್ರೆಗಳೆಲ್ಲವನ್ನೂ ಶಾಸ್ತ್ರೋಕ್ತವಾಗಿ ನಡೆಸಿದ ತಂದೆತಾಯಿಗಳಿಗೆ ದೊರೆತ ಫಲವನ್ನು ಕಂಡ ಮಕ್ಕಳ ಹೃದಯದಲ್ಲಿ ಹಳೆಯ ನಂಬಿಕೆಯು ಕುಸಿಯಿತು. ಹೊಸದಾವುದೂ ಇನ್ನೂ ಹುಟ್ಟಿರಲಿಲ್ಲ.

1878ರಲ್ಲಿ ಕಲ್ಕತ್ತೆಯ ಪಂಡಿತರು ಈ ತರುಣಿಯನ್ನು ಪರೀಕ್ಷಿಸಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಆದರೆ ಕೀರ್ತಿಯ ಬೆನ್ನಿಗೇ ದುಃಖವೂ ಇದ್ದಿತು. 1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ರಮಾಬಾಯಿಯವರು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಪತಿಯ ಪುಸ್ತಕಗಳ ನಡುವೆ ಅಕಸ್ಮಾತ್ತಾಗಿ ಕೈಗೆ ಸಿಕ್ಕಿದ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯು ಅವರ ಕುತೂಹಲವನ್ನು ಕೆರಳಿಸಿತು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. ಇಪ್ಪತ್ತುಮೂರರ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಮಗಳು ಮನೋರಮೆ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ಅವರು, ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಆಶೆಯಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಕಿವಿ ಮಂದವಾಗುತ್ತಿದ್ದ ಕಾರಣ ಆ ಆಶೆ ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ, ಅವರು ಫುಲ್‌ಹ್ಯಾಮಿನಲ್ಲಿ ನಡೆಸುತ್ತಿದ್ದ, ದಾರಿತಪ್ಪಿದ ಸ್ತ್ರೀಯರ ಶರಣಾಲಯವನ್ನು ನೋಡುವ ಅವಕಾಶ ಒದಗಿತು. ಲೋಕವು ತಳ್ಳಿದವರನ್ನು ಈ ಪರಿ ಮನ್ನಿಸುವ ಕರುಣೆ ಎಲ್ಲಿಂದ ಬಂದಿತೆಂದು ಕೇಳಿದಾಗ, ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಅವರಿಗೆ ಓದಿ ತೋರಿಸಿದರು. ಅನತಿಕಾಲದಲ್ಲಿಯೇ, ಜೊತೆಗೆ ಬಂದಿದ್ದ ಗೆಳತಿಯೊಬ್ಬಳು ಪರದೇಶದಲ್ಲಿ ದಾರುಣ ಮರಣಕ್ಕೆ ಈಡಾದಳು. ಆ ಶೋಕವು ಆರುವ ಮುನ್ನವೇ, 1883ರ ಸೆಪ್ಟೆಂಬರ್ 29ರಂದು, ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಆದರೆ ದೀಕ್ಷಾಸ್ನಾನವು ಅವರ ಜಿಜ್ಞಾಸೆಗೆ ಮಂಗಳವಾಗಲಿಲ್ಲ. ತ್ರಿತ್ವಾದಿ ಸಿದ್ಧಾಂತಗಳನ್ನು ಕುರಿತು ಅವರು ಕೇಳಿದ ಪ್ರಶ್ನೆಗಳಿಗೆ, ನಂಬಿ ಸುಮ್ಮನಿರಬೇಕೆಂಬುದೇ ಗುರುಜನರ ಉತ್ತರ. ಒಂದು ಪುರೋಹಿತವರ್ಗದ ನೊಗವನ್ನು ಕಷ್ಟದಿಂದ ಕಳಚಿದವಳು ಇನ್ನೊಂದಕ್ಕೆ ಕತ್ತೊಡ್ಡಲಾರೆನೆಂದು ಅವರು ಸನ್ಯಾಸಿನಿ ಜೆರಾಲ್ಡೀನರಿಗೆ ನಿರ್ಭಯವಾಗಿ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗದು ಎಂದೂ ಕೇಳಿದರು. ಶಾಕಾಹಾರವನ್ನು ಬಿಡಲಿಲ್ಲ. ಇದನ್ನು ಅಹಂಕಾರವೆಂದು ಬಗೆದವರುಂಟು. ಆದರೆ ಪರರಿಂದ ಎರವಲು ತಂದ ನಂಬಿಕೆಯು ಸಂಕಟಕಾಲದಲ್ಲಿ ನಿಲ್ಲದೆಂಬುದನ್ನು ಅವರು ತಂದೆಯ ಮರಣಶಯ್ಯೆಯ ಬಳಿಯಲ್ಲಿಯೇ ಕಂಡಿದ್ದರು.

ಅಮೇರಿಕೆಯ ಮಿತ್ರರ ಧನಸಹಾಯದಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವು ತೆರೆಯಿತು; ಮರುವರ್ಷ ಪುಣೆಗೆ ಬಂದಿತು. ಅಲ್ಲಿ ಮತಬೋಧನೆಯಿಲ್ಲವೆಂದು ವಚನವಿದ್ದಿತು. ರಾನಡೆ, ಭಾಂಡಾರಕರ ಮೊದಲಾದ ಮಹನೀಯರು ಸಲಹೆಗಾರರಾಗಿದ್ದರು. 1891ರ ಸುಮಾರಿಗೆ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಚರಿತ್ರೆಯನ್ನು ಓದುತ್ತಿದ್ದಾಗ, ತಮಗೆ ಕ್ರೈಸ್ತಮತ ದೊರೆತಿತ್ತೇ ಹೊರತು ಕ್ರಿಸ್ತನು ದೊರೆತಿರಲಿಲ್ಲವೆಂಬ ಅರಿವು ರಮಾಬಾಯಿಯವರಿಗೆ ಉಂಟಾಯಿತು. ಬುದ್ಧಿಯ ಒಪ್ಪಿಗೆಯು ಹೃದಯದ ಶರಣಾಗತಿಯಾಗಿ ಮಾರ್ಪಟ್ಟ ಕಾಲವಿದು. ಅವರ ಖಾಸಗಿ ಪ್ರಾರ್ಥನೆಗೆ ಬಾಗಿಲು ತೆರೆದಿರುತ್ತಿದ್ದಿತು. ಕೆಲವು ಬಾಲಿಕೆಯರು ತಾವಾಗಿ ಬಂದು ಕುಳಿತರು. ಪುಣೆಯ ಪತ್ರಿಕೆಗಳು ಸಿಡಿದೆದ್ದವು. ಮಕ್ಕಳನ್ನು ವಿಶ್ವಾಸದಿಂದ ಒಪ್ಪಿಸಿದ ಪೋಷಕರ ಆತಂಕವು ನಿರಾಧಾರವೆನ್ನಲಾಗದು; ತಮ್ಮ ಕೊಠಡಿಯಲ್ಲಿ ಮರೆಯಿಲ್ಲದೆ ಪ್ರಾರ್ಥಿಸುವ ಹಕ್ಕನ್ನು ಬಿಡಲಾರದ ರಮಾಬಾಯಿಯವರ ನಿಲುವನ್ನೂ ವಂಚನೆಯೆನ್ನಲಾಗದು. 1893ರಲ್ಲಿ ಸಲಹೆಗಾರರು ಹಿಂದೆಗೆದರು; ಅನೇಕ ಬಾಲಿಕೆಯರನ್ನು ಮನೆಯವರು ಕರೆದೊಯ್ದರು. ಸದನವು ಬರಿದಾಗುವಂತೆ ತೋರಿತು, ಆದರೆ ಮುಚ್ಚಲಿಲ್ಲ.

ಇದರ ತರುವಾಯ ಬಂದುದೇ ನಿಜವಾದ ಪರೀಕ್ಷೆ. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಘೋರ ಕ್ಷಾಮವು ತಲೆದೋರಿತು. ಹಸಿವೆಯೆಂದರೇನೆಂಬುದನ್ನು ಬಲ್ಲ ರಮಾಬಾಯಿಯವರು ಅಲ್ಲಿಗೆ ಧಾವಿಸಿ, ಅನಾಥೆಯರನ್ನು ನೂರಾರು ಸಂಖ್ಯೆಯಲ್ಲಿ ಕೇಡಗಾಂವಿನ ಜಮೀನಿಗೆ ಕರೆತಂದರು. ಕಟ್ಟಡಗಳಿರಲಿಲ್ಲ, ನಿಯತವಾದ ವರಮಾನವಿರಲಿಲ್ಲ, ಅಮೇರಿಕೆಯ ಸಂಘವು ಒಪ್ಪಿದ್ದ ಹತ್ತು ವರ್ಷಗಳ ನೆರವಿನ ಅವಧಿಯೂ 1898ಕ್ಕೆ ತೀರಿತು. ದೇವರು ನಡೆಸುವನೆಂಬ ನೆಚ್ಚಿಕೆಯೊಂದೇ ಬಂಡವಾಳ. ಬಾವಿಗಳನ್ನು ತೋಡಿಸಿದರು, ಹೊಲ ಉಳಿಸಿದರು, ಮಗ್ಗ ಹಾಕಿಸಿದರು, ಮುದ್ರಣಾಲಯವನ್ನು ತೆರೆದರು. 1900ರ ಗುಜರಾತಿನ ಬರಗಾಲದ ಬಳಿಕ ‘ಮುಕ್ತಿ’ಯೆಂಬ ಆ ನಿವಾಸದಲ್ಲಿ ಸುಮಾರು 2,000 ಮಂದಿ ಉಣ್ಣುತ್ತಿದ್ದರು. ಅವರ ಪಾಲಿಗೆ ನೆಚ್ಚಿಕೆಯೆಂಬುದು ಕೈಕಟ್ಟಿ ಕುಳಿತಿರುವುದಲ್ಲ. ನಾಳೆಯ ಅಕ್ಕಿಗೆ ಪ್ರಾರ್ಥಿಸಿ ಇಂದಿನ ಹೊಲವನ್ನು ಉಳುವುದು. 1912ರಲ್ಲಿ ಗುಲ್ಬರ್ಗದಲ್ಲಿಯೂ ಅವರ ಪ್ರಯತ್ನದಿಂದ ಒಂದು ಶಾಲೆ ಹುಟ್ಟಿತು. ಹೀಗೆ ಕನ್ನಡನಾಡಿನ ಋಣವು ಒಂದಿಷ್ಟು ಸಂದಿತು.

ಜೀವಿತದ ಕೊನೆಯ ಭಾಗವನ್ನು ಅವರು ಸಮಗ್ರ ಬೈಬಲನ್ನು ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಸರಳ ಮರಾಠಿಗೆ ತರುವುದಕ್ಕೆ ಮುಡಿಪಾಗಿಟ್ಟರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಅಕ್ಷರ ಜೋಡಿಸಿದವರು ಅವರೇ ಸಾಕಿದ ಹೆಣ್ಣುಮಕ್ಕಳು. ಕೆಲಸವು ಮುಗಿಯುವ ಮುನ್ನ, 1921ರ ಜುಲೈಯಲ್ಲಿ, ಬಲಗೈಯಂತಿದ್ದ ಮನೋರಮೆಯು ಅಗಲಿದಳು. ತಾಯಿ ಲೇಖನಿಯನ್ನು ಕೆಳಗಿಡಲಿಲ್ಲ. 1922ರ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ಅವರ ಉಸಿರು ನಿಂತಿತು. ಆ ಅನುವಾದವು 1924ರಲ್ಲಿ ಬೆಳಕು ಕಂಡಿತು.

ದೇವರ ಕೈಗೊಪ್ಪಿಸಿರುವೆನೆಂದು ತಂದೆಯು ಹೇಳಿದಾಗ ಆತನ ಕಣ್ಣ ಮುಂದಿದ್ದ ದೇವರ ಹೆಸರು ಬೇರೆ. ಮಗಳು ಕೊನೆಗೆ ಕಂಡುಕೊಂಡ ಹೆಸರು ಬೇರೆ. ಆದರೂ ಆ ಮಾತನ್ನು ರಮಾಬಾಯಿಯವರು ವೃದ್ಧಾಪ್ಯದವರೆಗೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು. ತಮ್ಮ ಬಾಳನ್ನೆಲ್ಲ ಆ ಒಂದು ಮಾತಿನ ನೆರವೇರಿಕೆಯೆಂದೇ ಭಾವಿಸಿದ್ದರು.