ಮಾರಿಕಣಿವೆಯ ಮೀನು, ಕಡಲಿನ ತಾಟೆ: ಅಸಲು ಉಳಿಸುವ ಲೆಕ್ಕ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಂಘದ ಜಮಾ-ಖರ್ಚಿನ ಇತಿಹಾಸ ಬರೆಯುವವರು ಬೇರೆ ಇದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ನೀರಿನೊಳಗಿನ ಜಮಾ-ಖರ್ಚಿನ ಕಥೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂದರೆ ಬರಗಾಲದ ಸೀಮೆ, ಇಲ್ಲಿ ಮೀನಿನ ಮಾತೇನು ಬಂತು ಅಂತ ಕೆಲವರು ನಗಬಹುದು. ಆದರೆ ನಮ್ಮ ಸೀಮೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಕೆರೆ ತುಂಬಿದ ವರ್ಷ ಬಲೆ ಬೀಸಿ ಬದುಕುವ ಸಂಸಾರಗಳೂ ಇವೆ. ಎಲ್ಲಕ್ಕೂ ಮಿಗಿಲಾಗಿ ನಮ್ಮ ಮಾರಿಕಣಿವೆ ಇದೆ.

ವೇದಾವತಿ ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು, ಕಡೂರು ದಾಟಿ, ಹೊಸದುರ್ಗ ತಾಲ್ಲೂಕನ್ನು ಹಾದು ಹಿರಿಯೂರು ತಾಲ್ಲೂಕಿನ ಕಣಿವೆಗೆ ಬರುತ್ತದೆ. ಅಲ್ಲಿ ಎರಡು ಗುಡ್ಡಗಳ ನಡುವೆ ಮೈಸೂರು ಸಂಸ್ಥಾನದವರು ಕಟ್ಟಿಸಿದ ಅಣೆಕಟ್ಟು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರ ನೆನಪಿಗೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂತು. ನೀರಿನ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು 30 ಟಿ.ಎಂ.ಸಿ. ಇಷ್ಟು ದೊಡ್ಡ ಹೊಟ್ಟೆ ತುಂಬುವುದು ಮಾತ್ರ ಅಪರೂಪ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಕೋಡಿ ಬೀಳಲು 2022ರ ತನಕ, ಅಂದರೆ 89 ವರ್ಷ ಕಾಯಬೇಕಾಯಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರತೊಡಗಿದ ಮೇಲೆ 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ಈ ನಡುವೆ ನೀರು ತಳ ಕಂಡ ಬರಗಾಲಗಳನ್ನೂ ನಮ್ಮ ಹಿರಿಯರು ಮತ್ತು ನಾವು ನೋಡಿದ್ದೇವೆ.

ನೀರಿನ ಈ ಏರಿಳಿತವೇ ಮೀನಿನ ಇತಿಹಾಸವೂ ಹೌದು. ಹಿಂದೆ ಹೊಳೆ-ಕೆರೆಗಳಲ್ಲಿ ಸಿಗುತ್ತಿದ್ದುದು ಕೊರವ, ಬಾಳೆಮೀನು, ಚೇಳುಮೀನು, ಗೆಂಡೆಗಳಂಥ ನಾಡಮೀನು. ಹಿಡಿಯಲು ಗಾಳ, ಕೂಳಿ, ಬೀಸುಬಲೆ. ಹಿಡಿಯುವವರು ಕಡಿಮೆ, ತಿನ್ನುವವರೂ ಊರಿನವರೇ. ಹೀಗಾಗಿ ಎಷ್ಟು ಹಿಡಿದರೆ ಸರಿ, ಎಷ್ಟು ಹಿಡಿದರೆ ತಪ್ಪು ಅನ್ನುವ ಪ್ರಶ್ನೆ ಆಗ ಅಷ್ಟಾಗಿ ಏಳಲಿಲ್ಲ.

ಕಟ್ಲಾ, ರೋಹು, ಮೃಗಾಲ್ ಬಂದ ಮೇಲೆ ಲೆಕ್ಕ ಬದಲಾಯಿತು. ಇವು ಮೂಲತಃ ಉತ್ತರದ ದೊಡ್ಡ ನದಿಗಳ ಮೀನು. ಹರಿಯುವ ಹೊಸ ನೀರಿನಲ್ಲಿ ಮೊಟ್ಟೆ ಇಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಇಡುವುದಿಲ್ಲ. ಮೊದಲೆಲ್ಲ ನದಿಯಲ್ಲೇ ಮರಿ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಮೀನಿನ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಈ ಜಾತಿಯ ಮೀನುಗಳಿಂದ ಕೊಳದಲ್ಲೇ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ಮೀನು ಕೃಷಿಕರ ದಿನವೆಂದು ದೇಶದಲ್ಲೆಲ್ಲ ಆಚರಿಸುತ್ತಾರೆ. ನಮ್ಮ ಕೆರೆಗಳಿಗೆ ಲಕ್ಷಗಟ್ಟಲೆ ಬಿತ್ತನೆ ಮರಿ ಸಿಗುವುದು ಆ ವಿದ್ಯೆಯಿಂದಲೇ. ಒಂದು ಕಿಲೋ ತೂಗುವ ತಾಯಿ ರೋಹು ಲಕ್ಷ ಮೀರಿ ಮೊಟ್ಟೆ ಇಡುತ್ತದೆ. ಒಂದು ವರ್ಷ ಕೆರೆ ಒಣಗಿ ಮೀನೆಲ್ಲ ಹೋದರೂ ಮುಂದಿನ ಮಳೆಗೆ ಮರಿ ಬಿಟ್ಟು ಮತ್ತೆ ಶುರು ಮಾಡಬಹುದು. ನಮ್ಮ ಪಾಲಿಗೆ ಇದು ದೊಡ್ಡ ಭಾಗ್ಯ.

ಈ ಭಾಗ್ಯ ಇಲ್ಲದ ಮೀನಿನ ಕಥೆಯನ್ನು ಹೇಳಿದರೆ ನಮ್ಮದರ ಬೆಲೆ ತಿಳಿಯುತ್ತದೆ. ಘಟ್ಟದ ಕೆಳಗಿನಿಂದ ಬಯಲುಸೀಮೆಯ ಸಂತೆಗಳಿಗೆ ಒಣಮೀನು ಬರುವುದು ಹಳೆಯ ವಾಡಿಕೆ. ಕರಾವಳಿಯವರು ಉಪ್ಪು ಹಾಕಿ ಒಣಗಿಸುವ ಮೀನುಗಳಲ್ಲಿ ತಾಟೆ ಮತ್ತು ತೊರಕೆಯೂ ಸೇರಿವೆ. ತಾಟೆ ಎಂದರೆ ಶಾರ್ಕ್. ತೊರಕೆ ಎಂದರೆ ಚಪ್ಪಟೆ ಮೈಯ, ಚಾಟಿಯಂಥ ಬಾಲದ ಮೀನು. ಎರಡಕ್ಕೂ ಗಟ್ಟಿ ಮೂಳೆಯಿಲ್ಲ, ಮೃದ್ವಸ್ಥಿ ಮಾತ್ರ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ, ನಮ್ಮ ದೇಶದಲ್ಲಿ ಶಾರ್ಕ್ ಯಕೃತ್ತಿನ ಎಣ್ಣೆ ತೆಗೆಯುವ ಕೆಲಸ ಜೋರಾಯಿತು. ಆಮೇಲೆ ಯಂತ್ರದ ದೋಣಿ, ಟ್ರಾಲ್ ಬಲೆ ಬಂದವು. ಶಾರ್ಕಿನ ರೆಕ್ಕೆಗೆ ಪೂರ್ವ ಏಷ್ಯಾದಲ್ಲಿ ಸೂಪಿಗಾಗಿ ಭಾರಿ ಬೆಲೆ ಬಂತು.

ಕಷ್ಟ ಇರುವುದು ಈ ಮೀನುಗಳ ಸಂತಾನದಲ್ಲಿ. ಬಹುಪಾಲು ದೊಡ್ಡ ಶಾರ್ಕುಗಳು ಪ್ರಾಯಕ್ಕೆ ಬರಲು ಹಲವಾರು ವರ್ಷ ಬೇಕು, ಬಸಿರು ತಿಂಗಳುಗಟ್ಟಲೆ, ಹೆಚ್ಚಿನವು ಹಾಕುವುದು ಕೆಲವೇ ಮರಿ. ಮಾಂಟಾ ಎಂಬ ದೊಡ್ಡ ತೊರಕೆ ಸುಮಾರು ಒಂದು ವರ್ಷ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅದನ್ನು ಮೀನು ಅನ್ನುವುದಕ್ಕಿಂತ ನಮ್ಮ ಹಟ್ಟಿಯ ಎಮ್ಮೆ ಅಂದುಕೊಂಡು ಲೆಕ್ಕ ಹಾಕಿದರೆ ಸರಿಹೋಗುತ್ತದೆ. ಕೊಟ್ಟಿಗೆಯ ಎಮ್ಮೆಗಳನ್ನೆಲ್ಲ ಒಂದೇ ವರ್ಷ ಮಾರಿಬಿಟ್ಟರೆ ಕೈತುಂಬ ದುಡ್ಡು ಬರುತ್ತದೆ, ಮರುವರ್ಷ ಹಾಲಿನ ಕ್ಯಾನು ಖಾಲಿ. ಕಡಲಿನಲ್ಲಿ ಆದದ್ದು ಇದೇ. 1970ರಿಂದ ಈಚೆಗಿನ 50 ವರ್ಷದಲ್ಲಿ ತೆರೆದ ಮಹಾಸಾಗರಗಳ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ನೂರಕ್ಕೆ 71ರಷ್ಟು ಇಳಿದಿದೆ ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಈ ಗುಂಪಿನ ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಅಳಿವಿನ ಭಯದಲ್ಲಿವೆ ಅಂತಲೂ ಅದೇ ವರ್ಷ ತಿಳಿಯಿತು. ಭಾರತ ಸರ್ಕಾರ 2001ರಲ್ಲಿ ತಿಮಿಂಗಿಲ ಶಾರ್ಕ್, ಗರಗಸ ಮೀನು ಸೇರಿ 10 ಜಾತಿಗಳಿಗೆ ವನ್ಯಜೀವಿ ಕಾಯಿದೆಯಲ್ಲಿ ಹುಲಿಗೆ ಕೊಟ್ಟ ರಕ್ಷಣೆಯನ್ನೇ ಕೊಟ್ಟಿತು. 2015ರಲ್ಲಿ ರೆಕ್ಕೆಯ ರಫ್ತನ್ನು ನಿಲ್ಲಿಸಿತು. ಆದರೆ ಬಲೆಗೆ ಜಾತಿ ಗೊತ್ತಿಲ್ಲ. ಸಿಗಡಿಗೆಂದು ಎಳೆದ ಬಲೆಯಲ್ಲಿ ತಾಟೆಯ ಮರಿಯೂ ಬರುತ್ತದೆ. ಕಟ್ಲಾ, ರೋಹುಗಳ ಹಾಗೆ ತಾಟೆಯ ಬಿತ್ತನೆ ಮರಿಯನ್ನು ಲಕ್ಷಗಟ್ಟಲೆ ಕಡಲಿಗೆ ಬಿಡುವುದಂತೂ ಆಗದ ಮಾತು.

ಹಾಗಾದರೆ ಇಂಥ ಮೀನುಗಾರಿಕೆ ತಾಳುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ? 1947ರಲ್ಲಿ ಆರಂಭವಾದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಂಗಳೂರು, ಮಲ್ಪೆಯಂಥ ಬಂದರುಗಳಲ್ಲಿ ದೋಣಿ ದಡಕ್ಕೆ ಬಂದಾಗ ನಿಂತು ಮೀನು ಅಳೆಯುತ್ತಾರೆ. ಅವರು ಕೇಳುವ ಪ್ರಶ್ನೆಗಳು ಸರಳ. ಎಷ್ಟು ಮೀನು ಬಂತು? ಅದಕ್ಕೆ ಎಷ್ಟು ದೋಣಿ, ಎಷ್ಟು ಗಂಟೆ ದುಡಿದವು? ಬಂದ ಮೀನಿನ ಉದ್ದ ಎಷ್ಟು? ಒಮ್ಮೆಯಾದರೂ ಮರಿ ಹಾಕುವ ವಯಸ್ಸು ಮುಟ್ಟಿತ್ತೇ?

ಎರಡನೇ ಪ್ರಶ್ನೆಯನ್ನು ಸದಸ್ಯರು ಗಮನವಿಟ್ಟು ನೋಡಬೇಕು. ಮಾತಿಗೆ ಒಂದು ಕೆರೆಯಲ್ಲಿ ಹತ್ತು ಬಲೆಗೆ ನೂರು ಕಿಲೋ ಸಿಗುತ್ತಿತ್ತು ಅನ್ನೋಣ. ಐದು ವರ್ಷದ ಮೇಲೆಯೂ ನೂರು ಕಿಲೋ ಸಿಕ್ಕಿದೆ, ಆದರೆ ಮೂವತ್ತು ಬಲೆಗೆ. ಪುಸ್ತಕದಲ್ಲಿ ನೂರು ಕಿಲೋ ಅಂತಲೇ ಬರೆದಿರುತ್ತದೆ. ಓದಿದವರು ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ನಿಜಕ್ಕೂ ಬಲೆಗೆ ಹತ್ತು ಕಿಲೋ ಇದ್ದದ್ದು ಮೂರು ಕಿಲೋ ಚಿಲ್ಲರೆಗೆ ಇಳಿದಿರುತ್ತದೆ. ಬಡ್ಡಿ ತಿನ್ನುತ್ತಿದ್ದೇವೆ ಅಂದುಕೊಂಡು ಅಸಲಿಗೇ ಕೈಹಾಕಿರುತ್ತೇವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅಂತ ಹಿರಿಯರು ಹೇಳಿದ್ದು ಸುಮ್ಮನಲ್ಲ.

ನಮ್ಮಲ್ಲಿ ಬಿತ್ತನೆ ಮರಿ ಸಿಗುತ್ತದೆಯಾದ್ದರಿಂದ ಈ ಭಯ ಬೇಡ ಅನ್ನುವವರುಂಟು. ಅದು ಅರ್ಧ ನಿಜ. ಕಟ್ಲಾ, ರೋಹು ದುಡ್ಡು ಕೊಟ್ಟರೆ ಬರುತ್ತವೆ. ಕೊರವ, ಬಾಳೆಮೀನುಗಳಿಗೆ ಕೆರೆ-ಹೊಳೆಯೇ ತವರು. ಮೊದಲ ಮಳೆಗೆ ಮೊಟ್ಟೆ ಹೊತ್ತು ಹಳ್ಳಕ್ಕೆ ಏರುವ ಮೀನನ್ನು ಅಡ್ಡಗಟ್ಟಿ ಹಿಡಿದರೆ, ಬಿತ್ತನೆಗೆ ಇಟ್ಟ ಶೇಂಗಾ ಹುರಿದು ತಿಂದ ಹಾಗೆ. ಬಿಟ್ಟ ಮರಿಯನ್ನೂ ಸಣ್ಣ ಕಣ್ಣಿನ ಬಲೆಯಲ್ಲಿ ಕಾಲು ಕಿಲೋ ಆಗುವ ಮೊದಲೇ ಎತ್ತಿದರೆ ಮರಿಯ ದುಡ್ಡೂ ಹುಟ್ಟುವುದಿಲ್ಲ. ಗುತ್ತಿಗೆಯ ಕೊನೆಯ ವರ್ಷ ಕೆರೆ ಗೋರುವ ಆಸೆ ಎಲ್ಲರಿಗೂ ಬರುತ್ತದೆ. ಮುಂದಿನ ಗುತ್ತಿಗೆ ಯಾರದಾದರೂ ಕೆರೆ ಊರಿನದೇ ತಾನೆ? ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಬ್ರಿಟಿಷ್ ಇಂಡಿಯಾದಲ್ಲಿ 1897ರಷ್ಟು ಹಿಂದೆಯೇ ಕಾನೂನು ತಡೆಯಿತು. ನಮ್ಮ ರಾಜ್ಯದ ಒಳನಾಡು ಮೀನುಗಾರಿಕೆಗೆ 1996ರ ಕಾಯಿದೆ ಇದೆ. ಆದರೆ ರಾತ್ರಿ ಹೊತ್ತು ಕೆರೆಯ ಏರಿ ಮೇಲೆ ಕಾಯಿದೆ ಬಂದು ನಿಲ್ಲುವುದಿಲ್ಲ, ಊರವರು ನಿಲ್ಲಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ದಡದಲ್ಲಿರುತ್ತವೆ. ಅಷ್ಟು ದೊಡ್ಡ ಬಂದರಿನವರು ಎರಡು ತಿಂಗಳು ತಡೆಯಬಲ್ಲರಾದರೆ, ಮೀನು ಹಳ್ಳಕ್ಕೆ ಏರುವ ನಾಲ್ಕು ದಿನ ನಾವು ತಡೆಯಲಾರೆವೇ?

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಸಹಕಾರ ಸಂಘ ಹುಟ್ಟಿದಾಗ ಅದರ ಬಲವೆಲ್ಲ ಇದ್ದದ್ದು ಪರಸ್ಪರ ನಂಬಿಕೆಯಲ್ಲಿ ಮತ್ತು ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕದಲ್ಲಿ. ಮೀನಿಗೂ ಅಂಥದೊಂದು ಪುಸ್ತಕ ಬೇಕು ಎಂಬುದು ನಮ್ಮ ವಿನಂತಿ. ಐದು ಕಲಂ ಇದ್ದರೆ ಸಾಕು: ತಾರೀಖು, ನೀರಿನ ಮಟ್ಟ, ಇಳಿದ ಬಲೆಗಳ ಸಂಖ್ಯೆ, ಸಿಕ್ಕ ತೂಕ, ಅತಿ ಸಣ್ಣ ಮೀನಿನ ಅಳತೆ. ಮರಿ ಬಿಟ್ಟ ದಿನ ಅದನ್ನೂ ಬರೆದಿಡುವುದು. ಶಾಲೆ ಓದುವ ಮಕ್ಕಳೂ ಈ ಕೆಲಸ ಮಾಡಬಲ್ಲರು. ಐದು ವರ್ಷದ ಪುಸ್ತಕ ಕೈಯಲ್ಲಿದ್ದರೆ ಎಷ್ಟು ಹಿಡಿಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ವಾರ್ಷಿಕ ಮಹಾಸಭೆಯಲ್ಲಿ ನಾವೇ ಕೂತು ತೀರ್ಮಾನ ಮಾಡಬಹುದು. ಕಡಲಿನವರಿಗೆ ಈ ಲೆಕ್ಕ ಸಿಕ್ಕಿದ್ದು ತಾಟೆ ಬಹುಪಾಲು ಖರ್ಚಾದ ಮೇಲೆ. ಮಾರಿಕಣಿವೆ ತುಂಬಿರುವ ಕಾಲದಲ್ಲೇ ನಾವು ಅದನ್ನು ಶುರು ಮಾಡೋಣ.